ಹೋಗಿ ಬರುತ್ತೇವೆ: ಒಂಟಿಯಾಗಿ ಊರೂರು ತಿರುಗುವವರಿಗೆ ನಾಲ್ಕು ಮಾತು

(ಸಂಘದ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಮೇಜಿನ ಹಿಂದೆ ನಿಂತು ಇದುವರೆಗೆ ಮಾತನಾಡಿದವರು ಓದಿ ಬರೆದು ಬಲ್ಲವರು. ನಾವಾದರೋ ಚೀಲವನ್ನು ಹೆಗಲಿಗೇರಿಸಿಕೊಂಡು ತಿರುಗುವವರು. ಯಂತ್ರದ ಬಿಡಿಭಾಗಗಳನ್ನು ಮಾರುವುದು, ಮಾರಿದ್ದರ ಹಣವನ್ನು ವಸೂಲು ಮಾಡುವುದು, ಕೆಟ್ಟುನಿಂತ ಯಂತ್ರವನ್ನು ನೋಡಿ ಸರಿಮಾಡಿ ಕೊಡುವುದು, ಶಾಖೆಯ ಲೆಕ್ಕ ತಪಾಸಣೆಗೆ ಹೋಗುವುದು, ಇವು ನಮ್ಮ ಕಸುಬು. ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ, ಅಲ್ಲಿಂದ ಮರಳಿ ನಾಸಿಕಕ್ಕೆ, ತಿಂಗಳಿಗೆ ಹತ್ತು ಹನ್ನೆರಡು ದಿನ ಒಬ್ಬೊಬ್ಬರೇ ಓಡಾಡುವವರು ಈ ಸಭೆಯಲ್ಲಿಯೇ ಏಳೆಂಟು ಮಂದಿ ಇದ್ದೇವೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಉಪಯೋಗವಾಗುವಂತೆ ನಮ್ಮ ಅನುಭವವನ್ನು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವೆಲ್ಲರೂ ಕೂಡಿ ಕುಳಿತು, ಒಬ್ಬೊಬ್ಬರು ಪಟ್ಟ ಪಾಡನ್ನು ಒಟ್ಟುಗೂಡಿಸಿ, ಈ ಮಾತುಗಳನ್ನು ಬರೆದಿದ್ದೇವೆ. ಆದುದರಿಂದ ಇಲ್ಲಿ 'ನಾನು' ಎಂಬ ಮಾತಿಲ್ಲ, 'ನಾವು' ಎಂಬುದೇ ಇದೆ.

ನಮ್ಮ ಕಡೆ ಮನೆಯಿಂದ ಹೊರಡುವವನು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾನೆ. ಬರೀ 'ಹೋಗುತ್ತೇನೆ' ಎಂದರೆ ಅಜ್ಜಿ ಗದರುತ್ತಿದ್ದಳು. ಹೋಗುವುದು ಎಷ್ಟು ಮುಖ್ಯವೋ ಮರಳಿ ಬರುವುದೂ ಅಷ್ಟೇ ಮುಖ್ಯ, ಅದು ಮನೆಯವರಿಗೆ ಸಲ್ಲಬೇಕಾದ ಮಾತು, ಎಂಬುದು ಅವಳ ಗದರಿಕೆಯ ಅರ್ಥ. ಈ ದಿನ ನಾವು ಹೇಳತಕ್ಕದ್ದೂ ಇಷ್ಟೆ. ಒಬ್ಬನೇ ಹೋಗುವವನು ಒಬ್ಬರಿಗಾದರೂ ಸರಿಯಾಗಿ ಹೇಳಿ ಹೋಗಬೇಕು. ಮಿಕ್ಕ ಸಲಹೆಗಳೆಲ್ಲ ಇದರ ಹಿಂದೆ ಬರುವಂಥವು.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಈಗ್ಗೆ ಎರಡು ವರ್ಷದ ಹಿಂದೆ, ಮಳೆಗಾಲದ ಕೊನೆಯಲ್ಲಿ, ನಮ್ಮ ಗುಂಪಿನ ಗೆಳೆಯರೊಬ್ಬರು ಕೆಲಸದ ಮೇಲೆ ವಾಳೂಜಿಗೆ ಹೋದರು. ಗದಗಿನ ಕಡೆಯವರು, ನಲವತ್ತೈದು ವಯಸ್ಸು, ಒಂದು ದಿನವೂ ಮಲಗಿದವರಲ್ಲ. ಶುಕ್ರವಾರ ಹೋದವರು ಮನೆಯಲ್ಲಿ 'ಎರಡು ದಿನ ಬಿಟ್ಟು ಬರುತ್ತೇನೆ' ಎಂದಿದ್ದರು. ಕಚೇರಿಯವರು ಸೋಮವಾರ ಬರುತ್ತಾರೆಂದುಕೊಂಡಿದ್ದರು. ಶನಿವಾರ ಅವರಿಗೆ ಜ್ವರ ಬಂದಿದೆ. ಮಾತ್ರೆ ನುಂಗಿ, ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ಮಲಗಿದ್ದಾರೆ. ಮೊಬೈಲಿನ ಚಾರ್ಜು ಮುಗಿದಿದೆ, ಎದ್ದು ತಂತಿ ಚುಚ್ಚುವಷ್ಟೂ ಶಕ್ತಿಯಿಲ್ಲ.

ಭಾನುವಾರ ಸಂಜೆಯವರೆಗೆ ಕಾದ ಅವರ ಮನೆಯಾಕೆ ಕಚೇರಿಗೆ ಫೋನು ಮಾಡಿದರು. ಕಚೇರಿ ಮುಚ್ಚಿತ್ತು. ಆಮೇಲೆ ನಮಗೆ ಮಾಡಿದರು. "ಅವರು ಯಾವ ಲಾಡ್ಜಿನಲ್ಲಿದ್ದಾರೆ ಅಂತ ನಿಮಗೇನಾದರೂ ಗೊತ್ತೇನ್ರೀ ಅಣ್ಣಾ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಹದಿನೈದು ವರ್ಷದಿಂದ ಒಂದೇ ತಟ್ಟೆಯಲ್ಲಿ ಉಂಡವರು, ಅವರು ಎಲ್ಲಿ ಇಳಿದುಕೊಳ್ಳುತ್ತಾರೆಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ರಾತ್ರಿ ನಾಲ್ಕು ಮಂದಿ ಕುಳಿತು ಆ ಊರಿನ ಒಂದೊಂದೇ ಲಾಡ್ಜಿಗೆ ಫೋನು ಮಾಡುತ್ತ ಹೋದೆವು. ನಡುರಾತ್ರಿ ದಾಟಿದ ಮೇಲೆ ಹದಿನಾಲ್ಕನೆಯ ಕಡೆಯಲ್ಲಿ ಒಬ್ಬ ಹುಡುಗ, "ಹೌದು, ಆ ಕೋಣೆಯವರು ನಿನ್ನೆಯಿಂದ ಚಹಾ ಬೇಡ ಅಂತಿದ್ದಾರೆ" ಎಂದ. ಅವನೇ ಓಡಿಹೋಗಿ ಬಾಗಿಲು ಬಡಿದು ಎಬ್ಬಿಸಿದ, 108ಕ್ಕೆ ಕರೆಮಾಡಿ ಗಾಡಿ ತರಿಸಿದ. ಡೆಂಗ್ಯೂ ಜ್ವರ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರು. ಆ ಗೆಳೆಯರು ಈಗ ನಿಮ್ಮ ನಡುವೆಯೇ ಕುಳಿತಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳಿದೆವು.

ಇದರಲ್ಲಿ ಯಾರನ್ನು ದೂರೋಣ? ಲಾಡ್ಜಿನವರು ಗಿರಾಕಿ ಮಲಗಿದ್ದಾನೆಂದುಕೊಂಡರು. ಕಚೇರಿಯವರು ಕೆಲಸದಲ್ಲಿದ್ದಾನೆಂದುಕೊಂಡರು. ಮನೆಯವರು ಹಾದಿಯಲ್ಲಿದ್ದಾನೆಂದುಕೊಂಡರು. ಎಲ್ಲರೂ ಅಂದುಕೊಂಡರೇ ಹೊರತು ತಿಳಿದವರು ಒಬ್ಬರೂ ಇರಲಿಲ್ಲ. ಅಂದಿನಿಂದ ನಾವು ಒಂದು ಚೀಟಿಯ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಚೀಟಿಯಲ್ಲಿ ಐದೇ ಸಾಲು. ಯಾವ ಊರು, ಯಾರ ಕೆಲಸ. ಹೋಗುವ ಗಾಡಿ ಯಾವುದು. ಇಳಿದುಕೊಳ್ಳುವ ಸ್ಥಳದ ಹೆಸರು ಮತ್ತು ಫೋನು ಸಂಖ್ಯೆ. ಅಲ್ಲಿ ಕಾಣಬೇಕಾದವರ ಫೋನು ಸಂಖ್ಯೆ. ಮರಳುವ ದಿನ ಮತ್ತು ಹೊತ್ತು. ಇದನ್ನು ಕಾಗದದ ಮೇಲೆ ಬರೆದು ಮನೆಯ ಗೋಡೆಗೆ ಅಂಟಿಸಿ ಹೊರಡುವುದು. ಮೊಬೈಲಿನಲ್ಲಿ ಕಳುಹಿಸಿದರೂ ಸರಿಯೆ, ಆದರೆ ಗೋಡೆಯ ಮೇಲಿನ ಕಾಗದವನ್ನು ಮನೆಯ ಮುದುಕರೂ ಮಕ್ಕಳೂ ನೋಡುತ್ತಾರೆ.

ಚೀಟಿಯ ಜೊತೆಗೆ ಹೊತ್ತಿನ ಒಪ್ಪಂದವೂ ಬೇಕು. ರಾತ್ರಿ ಒಂಬತ್ತಕ್ಕೆ ಒಂದು ಮಾತು, 'ಊಟವಾಯಿತು, ಕೋಣೆಯಲ್ಲಿದ್ದೇನೆ' ಎಂದರೆ ಸಾಕು. ಹತ್ತರವರೆಗೂ ಮಾತು ಬರಲಿಲ್ಲವೆಂದರೆ ಮನೆಯವರು ಏನು ಮಾಡಬೇಕೆಂಬುದನ್ನೂ ಮೊದಲೇ ಹೇಳಿರಬೇಕು. ಮೊದಲು ಲಾಡ್ಜಿಗೆ ಫೋನು ಮಾಡಿ ಬಾಗಿಲು ಬಡಿದು ನೋಡಲು ಹೇಳುವುದು, ಆಮೇಲೆ ಕೆಲಸಕ್ಕೆ ಕರೆಸಿದವರಿಗೆ, ಆಮೇಲೆ ಗೆಳೆಯರಿಗೆ. ಯಾವುದಕ್ಕೂ ಉತ್ತರ ಸಿಕ್ಕದಿದ್ದರೆ 112ಕ್ಕೆ ಕರೆಮಾಡಿ ಪೊಲೀಸರ ನೆರವು ಕೇಳುವುದು. ಗಾಡಿಯಲ್ಲಿದ್ದಾಗ ಏನಾದರೂ ಆದರೆ ರೈಲ್ವೆಯ 139 ಇದೆ. ಮೈ ಸರಿಯಿಲ್ಲದಿದ್ದರೂ ಕಳ್ಳತನವಾದರೂ ಅದೇ ಸಂಖ್ಯೆ. ಸಂಕೋಚಪಟ್ಟು ಬೆಳಗಿನವರೆಗೆ ಕಾಯುವುದು ಬೇಡ. ಸುಮ್ಮನೆ ಗಾಬರಿಯಾದೆವಲ್ಲ ಎಂದು ಆಮೇಲೆ ನಗುವುದು ಎಷ್ಟೋ ಮೇಲು.

ಇನ್ನು ಹಾದಿಯ ವಿಷಯ. ಔರಂಗಾಬಾದು ಎಂಬ ಊರಿನ ಹೆಸರು 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಬದಲಾಯಿತು. ರೈಲು ನಿಲ್ದಾಣದ ಹೆಸರು ಬದಲಾದದ್ದು 2025ರಲ್ಲಿ. ಹಳೆಯ ಪತ್ರಗಳಲ್ಲಿ, ಅಂಗಡಿಯ ಹಲಗೆಗಳಲ್ಲಿ, ಜನರ ಬಾಯಲ್ಲಿ ಹಳೆಯ ಹೆಸರೂ ಉಳಿದಿದೆ. ಬಿಹಾರದಲ್ಲಿ ಔರಂಗಾಬಾದು ಎಂಬ ಜಿಲ್ಲೆ ಬೇರೆಯೇ ಇದೆ. ಟಿಕೆಟು ತೆಗೆಸುವಾಗಲೂ ಲಾಡ್ಜು ಗೊತ್ತುಮಾಡುವಾಗಲೂ ಸರಕು ಕಳುಹಿಸುವಾಗಲೂ ರಾಜ್ಯದ ಹೆಸರನ್ನು ನೋಡಿಯೇ ಹಣ ಕೊಡಬೇಕು.

ನಾಸಿಕಕ್ಕೆ ಹೊಸಬರಾಗಿ ಬರುವವರು ತಿಳಿಯಬೇಕಾದದ್ದು, ರೈಲು ನಿಲ್ಲುವುದು ನಾಸಿಕ ರೋಡಿನಲ್ಲಿ, ಊರಿನ ನಡುವೆ ಅಲ್ಲ. ಅಲ್ಲಿಂದ ಹಳೆಯ ಊರಿಗೆ ಎಂಟೊಂಬತ್ತು ಕಿಲೋಮೀಟರು. 2021ರಿಂದ ಸಿಟಿಲಿಂಕ್ ಎಂಬ ನಗರ ಬಸ್ಸುಗಳು ಓಡುತ್ತಿವೆ. ಹಗಲಿನಲ್ಲಿ ಅವೇ ಅಗ್ಗ. ಎಸ್‌.ಟಿ. ಬಸ್ಸಿಗೆ ಹೋಗುವವರು 'ಬಸ್ ಸ್ಟ್ಯಾಂಡು' ಎಂದಷ್ಟೇ ರಿಕ್ಷಾದವನಿಗೆ ಹೇಳಬಾರದು. ಸಿ.ಬಿ.ಎಸ್., ಠಕ್ಕರ್ ಬಜಾರ್, ಮಹಾಮಾರ್ಗ, ನಾಸಿಕ ರೋಡ್ ಎಂದು ಬೇರೆ ಬೇರೆ ನಿಲ್ದಾಣಗಳಿವೆ. ಸಂಭಾಜಿನಗರದಲ್ಲಿಯೂ ಮಧ್ಯವರ್ತಿ ನಿಲ್ದಾಣ ಬೇರೆ, ಸಿಡ್ಕೋ ನಿಲ್ದಾಣ ಬೇರೆ. ನಮ್ಮ ಬಸ್ಸು ಎಲ್ಲಿಂದ ಹೊರಡುತ್ತದೆಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು. ಮಹಾರಾಷ್ಟ್ರದ ಎಸ್‌.ಟಿ. ಬಸ್ಸುಗಳಲ್ಲಿ ಹೆಂಗಸರಿಗೆ 2023ರ ಮಾರ್ಚಿಯಿಂದ ಅರ್ಧ ದರವೆಂಬುದನ್ನು ನಮ್ಮ ಸೋದರಿಯರು ನೆನಪಿಡಲಿ.

ಲಾಡ್ಜನ್ನು ಅಗ್ಗವೆಂದು ನೋಡಿ ಹಿಡಿಯುವುದಲ್ಲ, ಕೆಲಸದ ದಿಕ್ಕು ನೋಡಿ ಹಿಡಿಯಬೇಕು. ಸಂಭಾಜಿನಗರದಲ್ಲಿ ವಾಳೂಜ್ ಪಶ್ಚಿಮಕ್ಕೆ, ಚಿಕಲಠಾಣಾ ಮತ್ತು ಶೇಂದ್ರಾ ಪೂರ್ವಕ್ಕೆ, ಜಾಲನಾ ದಾರಿಯಲ್ಲಿ. ಒಂದು ಕಡೆ ಮಲಗಿ ಇನ್ನೊಂದು ಕಡೆ ಕೆಲಸಕ್ಕೆ ಹೋದರೆ ಉಳಿಸಿದ ನೂರು ರೂಪಾಯಿ ರಿಕ್ಷಾಕ್ಕೆ ಹೋಗುತ್ತದೆ, ಮೇಲೆ ಹೊತ್ತೂ ಹಾಳು. ನಾಸಿಕದಲ್ಲಿ ಸಾತ್ಪುರ ಮತ್ತು ಅಂಬಡ ಒಂದು ಮಗ್ಗುಲಿಗೆ. ಸಿನ್ನರ ಪುಣೆಯ ದಾರಿಯಲ್ಲಿ ಸುಮಾರು ಮೂವತ್ತು ಕಿಲೋಮೀಟರು. ನಮ್ಮ ಬೆಂಗಳೂರಿನವರು ಅನೇಕರು ವರ್ಗವಾಗಿ ಬರುವ ಎಚ್‌.ಎ.ಎಲ್‌. ಕಾರ್ಖಾನೆಯಿರುವ ಓಝರ್ ಆಗ್ರಾ ದಾರಿಯಲ್ಲಿ. ಕಾರ್ಖಾನೆಗಳ ವಾರದ ರಜೆ ಎಲ್ಲ ಕಡೆಯೂ ಭಾನುವಾರವೇ ಆಗಿರುವುದಿಲ್ಲ. ಕೇಳದೆ ಹೊರಟು, ಬೀಗ ಹಾಕಿದ ಗೇಟನ್ನು ನೋಡಿ ಮರಳಿದವರು ನಮ್ಮಲ್ಲಿಯೇ ಇದ್ದಾರೆ.

ಜಾತ್ರೆ ಉತ್ಸವಗಳ ದಿನಗಳನ್ನೂ ಗಮನದಲ್ಲಿಡಬೇಕು. ನಾಸಿಕ ಮತ್ತು ತ್ರ್ಯಂಬಕೇಶ್ವರಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭಮೇಳ ನಡೆಯುತ್ತದೆ. 2015ರಲ್ಲಿ ನಡೆದದ್ದರ ಮುಂದಿನದಕ್ಕೆ ಮುಖ್ಯ ಸ್ನಾನಗಳು 2027ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಗೊತ್ತಾಗಿವೆ. ಆ ದಿನಗಳಲ್ಲಿ ಕೋಣೆಯಾಗಲಿ ಗಾಡಿಯಾಗಲಿ ಸುಲಭವಾಗಿ ಸಿಕ್ಕದು. ಕೆಲಸವನ್ನು ಹಿಂದೆಮುಂದೆ ಹಾಕಿಕೊಳ್ಳಲು ಕಚೇರಿಗೆ ಮೊದಲೇ ಬರೆದುಕೊಳ್ಳುವುದು ಒಳ್ಳೆಯದು.

ಊರಿನಿಂದ ಬರುವಾಗ ನಮಗೆ ಮನಮಾಡ್ ಜಂಕ್ಷನ್ನಿನ ಪರಿಚಯ ತಪ್ಪಿದ್ದಲ್ಲ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸೂ, ಬೆಳಗಾವಿಯ ಮೇಲೆ ಬರುವ ಗೋವಾ ಎಕ್ಸ್‌ಪ್ರೆಸ್ಸೂ ಮನಮಾಡಿನ ಮೇಲೆ ಹೋಗುತ್ತವೆ. ಅಲ್ಲಿ ಇಳಿದು ಪಶ್ಚಿಮಕ್ಕೆ ನಾಸಿಕ, ಆಗ್ನೇಯಕ್ಕೆ ಸಂಭಾಜಿನಗರ. ಗಾಡಿ ಬದಲಾಯಿಸುವಲ್ಲಿ ನಡುವೆ ಎರಡು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಬೇಕು. ಮೊದಲ ಗಾಡಿ ತಡವಾದರೆ ಎರಡನೆಯದು ನಮಗಾಗಿ ಕಾಯುವುದಿಲ್ಲ. ಅವೇಳೆಯಲ್ಲಿ ಇಳಿದರೆ ನಿಲ್ದಾಣದ ಹೊರಗೆ ಅಲೆಯದೆ, ನಾಲ್ಕು ಮಂದಿ ಇರುವ ವಿಶ್ರಾಂತಿ ಕೋಣೆಯಲ್ಲಿಯೇ ಬೆಳಕು ಹರಿಯುವವರೆಗೆ ಕುಳಿತಿರುವುದು ಲೇಸು.

ಈಗ ನಮ್ಮ ಮೂರ್ಖತನದ ಒಂದು ಕಥೆ. ಮುಂಬಯಿಯಿಂದ ರಾತ್ರಿ ಹೊರಡುವ ದೇವಗಿರಿ ಎಕ್ಸ್‌ಪ್ರೆಸ್ಸು ನಾಸಿಕ ರೋಡಿಗೆ ಬರುವಷ್ಟರಲ್ಲಿ ಹನ್ನೆರಡು ದಾಟಿರುತ್ತದೆ. ನಮ್ಮಲ್ಲೊಬ್ಬರು ಹದಿನಾಲ್ಕನೆಯ ತಾರೀಖಿನ ರಾತ್ರಿ ಹೋಗಬೇಕೆಂದು ಹದಿನಾಲ್ಕಕ್ಕೇ ಟಿಕೆಟು ತೆಗೆಸಿ, ಊಟ ಮುಗಿಸಿ, ಚೀಲ ಹಿಡಿದು ನಿಲ್ದಾಣಕ್ಕೆ ಹೋದರು. ಗಾಡಿಯೂ ಹೊತ್ತಿಗೆ ಸರಿಯಾಗಿ ಬಂತು. ಒಳಗೆ ಹೋಗಿ ನೋಡಿದರೆ ಅವರ ಜಾಗದಲ್ಲಿ ಬೇರೆಯವರು ಮಲಗಿದ್ದಾರೆ! ಇವರು ಟಿಕೆಟು ತೆಗೆಸಿದ ಗಾಡಿ ಹಿಂದಿನ ರಾತ್ರಿಯೇ ಹೋಗಿಬಿಟ್ಟಿತ್ತು. ನಡುರಾತ್ರಿ ಹನ್ನೆರಡು ದಾಟಿತೆಂದರೆ ರೈಲ್ವೆಯ ಲೆಕ್ಕದಲ್ಲಿ ತಾರೀಖು ಬದಲಾಯಿತು. ಆದುದರಿಂದ ಅಂಥ ಗಾಡಿಗೆ ಟಿಕೆಟು ತೆಗೆಸುವಾಗ 'ನಾವು ಮನೆ ಬಿಡುವ ರಾತ್ರಿಯ ಮರುದಿನದ ತಾರೀಖು' ಎಂದು ಬಾಯಲ್ಲಿ ಒಮ್ಮೆ ಹೇಳಿಕೊಂಡು ತೆಗೆಸಬೇಕು.

ಟಿಕೆಟಿನ ಇನ್ನೆರಡು ನಿಯಮಗಳು. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ ಅರವತ್ತು ದಿನಗಳ ಮೊದಲು ತೆರೆಯುತ್ತದೆ. ಹಬ್ಬಕ್ಕೆ ಊರಿಗೆ ಹೋಗುವವರು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಕೊಳ್ಳಲಿ. ಮೊಬೈಲಿನಲ್ಲಿ ತೆಗೆದ ಟಿಕೆಟು ಪಟ್ಟಿ ಸಿದ್ಧವಾದ ಮೇಲೂ ಪೂರ್ತಿ ವೇಟಿಂಗ್ ಲಿಸ್ಟಿನಲ್ಲಿಯೇ ಉಳಿದರೆ ತಾನಾಗಿ ರದ್ದಾಗುತ್ತದೆ. ಅದನ್ನು ಹಿಡಿದು ಗಾಡಿ ಹತ್ತಿದವನು ಟಿಕೆಟಿಲ್ಲದವನೇ ಸರಿ. ಗುರುತಿನ ಚೀಟಿಯ ಮೂಲಪ್ರತಿಯೂ ಜೇಬಿನಲ್ಲಿರಬೇಕು.

ಭಾಷೆಯ ಮಾತಿಗೆ ಬರೋಣ. ಮರಾಠಿ ನಮಗೆ ಪರಕೀಯವಲ್ಲ. ಅವರ ತೂಪ್ ನಮ್ಮ ತುಪ್ಪ. ಅವರೂ ಅಣ್ಣಾ ಎನ್ನುತ್ತಾರೆ, ಅಕ್ಕಾ ಎನ್ನುತ್ತಾರೆ. ಆದರೆ ಹತ್ತಿರದ ಭಾಷೆಯಲ್ಲಿಯೇ ಎಡವುವುದು ಹೆಚ್ಚು. ಸಂಜೆಯ ಗಾಡಿ 'ಪಾವಣೇ ಪಾಚ್' ಎಂದು ಕಿಟಕಿಯವನು ಹೇಳಿದರೆ, ಹೊಸಬನ ಕಿವಿಗೆ 'ಪಾಚ್' ಒಂದೇ ಬೀಳುತ್ತದೆ, ಐದಕ್ಕೆ ಬರುತ್ತಾನೆ. ಅದು ನಮ್ಮ ನಾಲ್ಕೂ ಮುಕ್ಕಾಲು. 'ಸವ್ವಾ ಪಾಚ್' ಐದೂಕಾಲು, 'ದೀಡ್' ಒಂದೂವರೆ, 'ಅಡೀಚ್' ಎರಡೂವರೆ. ಇನ್ನೂ ದೊಡ್ಡ ಬಲೆ 'ಪರವಾ' ಎಂಬ ಮಾತು. ಮರಾಠಿಯಲ್ಲಿ ಮೊನ್ನೆಗೂ ನಾಡಿದ್ದಿಗೂ ಅದೊಂದೇ ಶಬ್ದ. 'ಚೆಕ್ಕು ಪರವಾ' ಎಂದರೆ ಮೊನ್ನೆಯೇ ಕಳುಹಿಸಿದರೋ ನಾಡಿದ್ದು ಕೊಡುತ್ತಾರೋ! ನಾವು ಮೆಲ್ಲಗೆ ತಾರೀಖು ಕೇಳಿ, ಅವರ ಮುಂದೆಯೇ ಬರೆದುಕೊಳ್ಳುತ್ತೇವೆ. ಬಸ್ಸಿನ ಹಲಗೆಗಳು ದೇವನಾಗರಿಯಲ್ಲಿ ಇರುವುದರಿಂದ ಆ ಅಕ್ಷರಗಳನ್ನೂ ಅಂಕಿಗಳನ್ನೂ ಹದಿನೈದು ದಿನ ಕುಳಿತು ಕಲಿಯಬೇಕು. ಇದೇ ವಾಚನಾಲಯದಲ್ಲಿ ಮರಾಠಿ ಪತ್ರಿಕೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ತಲೆಬರಹಗಳನ್ನು ಓದಿದರೆ ಸಾಕು. ರಿಕ್ಷಾದವರನ್ನು 'ದಾದಾ', ಹಿರಿಯರನ್ನು 'ಕಾಕಾ', ಹೆಣ್ಣುಮಕ್ಕಳನ್ನು 'ತಾಈ' ಎಂದು ಕರೆಯಿರಿ. ಅವರ ತಾಈ ನಮ್ಮ ತಾಯಿಯಲ್ಲ, ಅಕ್ಕ. ಕೈಲಾಗದ ಹೊತ್ತಿನಲ್ಲಿ ಈ ಎರಡಕ್ಷರದ ಮಾತೇ ನೆರವನ್ನು ತರುತ್ತದೆ.

ಲಾಡ್ಜಿಗೆ ಕಾಲಿಟ್ಟೊಡನೆ ಮಾಡಬೇಕಾದ ಕೆಲಸಗಳಿವೆ. ಮೊದಲು ಮೇಜಿನ ಹಿಂದಿರುವವರ ಹೆಸರು ಕೇಳಿ, ನಮ್ಮ ಹೆಸರು ಹೇಳಿ, 'ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇನೆ, ಇಳಿದು ಬಾರದಿದ್ದರೆ ಬಾಗಿಲು ಬಡಿಯಿರಿ' ಎನ್ನುವುದು. ಕೆಳಗೆ ಇಳಿಯುವ ಎರಡನೆಯ ಮೆಟ್ಟಿಲು ಎಲ್ಲಿದೆ ಎಂದು ನೋಡಿಕೊಳ್ಳುವುದು. ಚಿಲಕ ಅಗುಳಿಗಳು ಸರಿಯಿವೆಯೇ ಎಂದು ನೋಡಿ, ಸರಿಯಿಲ್ಲದಿದ್ದರೆ ಆಗಲೇ ಬೇರೆ ಕೋಣೆ ಕೇಳುವುದು. ಆಧಾರಿನ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಚ್ಚಿದ ಆಧಾರನ್ನು ಕೊಡುವುದು. ಇದನ್ನು ಆಧಾರಿನ ಜಾಲತಾಣದಿಂದಲೇ ಪಡೆಯಬಹುದು. ಪ್ರತಿಯ ಮೇಲೆ ಲಾಡ್ಜಿನ ಹೆಸರು, ತಾರೀಖು ಬರೆದು ಅಡ್ಡಗೆರೆ ಎಳೆದರೆ ಅದು ಬೇರೆಡೆಗೆ ಉಪಯೋಗಕ್ಕೆ ಬಾರದು. ಮೈ ಬಿಸಿಯಾದಂತೆ ಕಂಡರೆ ಮಲಗುವ ಮೊದಲೇ ಕೆಳಗೆ ಹೇಳಿ, ಮೊಬೈಲಿಗೆ ಚಾರ್ಜು ಹಚ್ಚಿ, ಹಾಸಿಗೆಯ ಪಕ್ಕದಲ್ಲಿಟ್ಟುಕೊಳ್ಳಬೇಕು.

ಒಂಟಿಯಾಗಿ ಹೋಗುವ ಸೋದರಿಯರು ಈಗ ಬಹಳ ಮಂದಿ ಇದ್ದಾರೆ. ಅವರು ನಮಗೆ ಹೇಳಿಕೊಟ್ಟ ಎರಡು ಸಂಗತಿಗಳನ್ನು ಹೇಳುತ್ತೇವೆ. ಕೋಣೆಯ ಸಂಖ್ಯೆಯನ್ನು ಮೇಜಿನವರು ನಾಲ್ಕು ಜನರ ಮುಂದೆ ಕೂಗಿ ಹೇಳಿದರೆ ಆ ಕೋಣೆ ಬೇಡ, ಬೇರೆ ಕೊಡಿ ಎನ್ನಬೇಕು. ರಿಕ್ಷಾ ಹತ್ತುವಾಗ ಅದರ ಸಂಖ್ಯೆಯನ್ನು ಮನೆಗೆ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಇವು ಗಂಡಸರಿಗೂ ಸಲ್ಲುವ ಮಾತುಗಳೇ. ಧೈರ್ಯವಂತರಿಗೆ ಎಚ್ಚರಿಕೆ ಬೇಡವೆಂದು ಎಲ್ಲಿಯೂ ಬರೆದಿಲ್ಲ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರು ಹೇಳಿದ್ದು ತಿರುಗುವವರನ್ನು ನೋಡಿಯೇ ಇರಬೇಕು. ಕೆಲಸದ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನಾಸಿಕದ ಖಾರದ ಮಿಸಳ್ ತಿಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡವರು ನಾವು. ಕೆಲಸವಿರುವ ದಿನ ಸಾದಾ ಊಟವೇ ಸರಿ. ನಮ್ಮ ಬಡಗಿನವರಿಗೆ ಇಲ್ಲಿಯ ಜೋಳದ ಭಾಕರಿ ಮನೆಯ ರೊಟ್ಟಿಯೇ. ಅನ್ನವಿಲ್ಲದೆ ಆಗದವರು ಉಡುಪಿ ಹೋಟೆಲಿನ ಹಲಗೆ ಹುಡುಕಬಹುದು. ಅವಲಕ್ಕಿ, ಶೇಂಗಾ ಚಟ್ನಿಪುಡಿಗಳ ಒಂದು ಪೊಟ್ಟಣ ಚೀಲದಲ್ಲಿದ್ದರೆ ರಾತ್ರಿ ತಡವಾಗಿ ಇಳಿದಾಗ ಉಪವಾಸ ತಪ್ಪುತ್ತದೆ. ಸಂಭಾಜಿನಗರದ ಬೇಸಗೆ ನಲವತ್ತು ಡಿಗ್ರಿ ದಾಟುತ್ತದೆ. ಹೊರಗಿನ ಕೆಲಸವನ್ನು ಹನ್ನೊಂದರೊಳಗೆ ಮುಗಿಸಿ, ನೀರು ಕುಡಿಯುತ್ತಿರಬೇಕು. ನಾಸಿಕದ ಚಳಿಗಾಲದಲ್ಲಿ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು, ಹೊದಿಕೆ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಔಷಧಗಳನ್ನು ದೊಡ್ಡ ಚೀಲದಲ್ಲಿಡದೆ ಮೈಮೇಲಿನ ಸಣ್ಣ ಚೀಲದಲ್ಲಿ, ಎರಡು ದಿನಕ್ಕೆ ಹೆಚ್ಚಾಗಿಯೇ, ಇಟ್ಟುಕೊಳ್ಳಬೇಕು. ಎದೆ ಹಿಡಿದಂತಾದರೆ ವಾಯು ಎಂದು ಸೋಡಾ ಕುಡಿದು ಮಲಗಬಾರದು, 108ಕ್ಕೆ ಕರೆಮಾಡಬೇಕು. ಜೇಬಿನಲ್ಲಿ ಒಂದು ಗಟ್ಟಿ ಕಾಗದ ಇರಲಿ. ಹೆಸರು, ರಕ್ತದ ಗುಂಪು, ಇರುವ ಕಾಯಿಲೆ, ತೆಗೆದುಕೊಳ್ಳುವ ಔಷಧ, ಮನೆಯ ಎರಡು ಫೋನು ಸಂಖ್ಯೆ, ಇಷ್ಟನ್ನು ದೇವನಾಗರಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿರಿ. ಕನ್ನಡದಲ್ಲಿ ಮಾತ್ರ ಬರೆದರೆ ಅಲ್ಲಿ ಓದುವವರು ಸಿಕ್ಕಲಾರರು.

ಹಣವನ್ನು ಮೂರು ಕಡೆ ಇಡಬೇಕು. ಮೊಬೈಲಿನಲ್ಲಿಯೇ ಎಲ್ಲ ಆಗುತ್ತದೆಂಬ ಭರವಸೆ ಚಾರ್ಜು ಇರುವವರೆಗೆ ಮಾತ್ರ. ಒಂದು ರಾತ್ರಿಯ ಕೋಣೆಗೂ ಊರಿಗೆ ಮರಳುವ ಗಾಡಿಗೂ ಸಾಲುವಷ್ಟು ನಗದು ಒಳಜೇಬಿನಲ್ಲಿರಲಿ. 'ನಿಮಗೆ ಹಣ ಮರಳಿ ಬರಬೇಕಾಗಿದೆ, ಪಿನ್ನು ಒತ್ತಿ' ಎಂದು ಯಾರು ಹೇಳಿದರೂ ಒತ್ತಬಾರದು. ಹಣ ಪಡೆಯಲು ಯು.ಪಿ.ಐ. ಪಿನ್ನು ಎಂದಿಗೂ ಬೇಕಾಗುವುದಿಲ್ಲ. ಮೋಸಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆಮಾಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ. ಖರ್ಚಿನ ಲೆಕ್ಕವನ್ನು ಆಯಾ ರಾತ್ರಿಯೇ ಬರೆಯಿರಿ. ಈಗಿನ ನುಣುಪು ಕಾಗದದ ರಸೀತಿಗಳ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ, ಆದುದರಿಂದ ಅಂದೇ ಅದರ ಚಿತ್ರ ತೆಗೆದಿಡಿ. ಬಿಳಿಯಾದ ರಸೀತಿಗೆ ಯಾವ ಕಚೇರಿಯೂ ಹಣ ಕೊಡುವುದಿಲ್ಲ.

ಇನ್ನು ಬಿಡುವಿನ ಹೊತ್ತು. ತಿರುಗುವವರನ್ನು ಕೆಡಿಸುವುದು ಕೆಲಸವಲ್ಲ, ಕೆಲಸ ಮುಗಿದ ಮೇಲಿನ ಸಂಜೆ. ನಾಲ್ಕು ಗೋಡೆಯ ನಡುವೆ ಒಬ್ಬನೇ ಕುಳಿತರೆ ಮನಸ್ಸು ಬೇಡದ ಕಡೆ ಓಡುತ್ತದೆ. ಕೆಲವರು ಬಾಟಲಿಯ ಸಹವಾಸ ಹಿಡಿದದ್ದೂ ಹೀಗೆಯೇ. 'ದೇಶ ಸುತ್ತಬೇಕು, ಕೋಶ ಓದಬೇಕು' ಎಂಬ ಗಾದೆಯ ಮೊದಲರ್ಧ ನಮಗೆ ಸಂಬಳ ಕೊಟ್ಟು ಮಾಡಿಸುತ್ತಿದ್ದಾರೆ. ಎರಡನೆಯ ಅರ್ಧಕ್ಕೆ ಈ ವಾಚನಾಲಯದ ಒಂದು ಪುಸ್ತಕ ಚೀಲದಲ್ಲಿರಲಿ. ಸಂಭಾಜಿನಗರದಲ್ಲಿ ಅರ್ಧ ದಿನ ಸಿಕ್ಕಿದರೆ ಎಲ್ಲೋರಕ್ಕೆ ಹೋಗಿ ಬನ್ನಿ. ಸುಮಾರು ಮೂವತ್ತು ಕಿಲೋಮೀಟರು. ಬಸ್ಸಿನ ಹಲಗೆಯ ಮೇಲೆ 'ವೇರೂಳ' ಎಂದಿರುತ್ತದೆ. ಮಂಗಳವಾರ ಅಲ್ಲಿ ರಜೆ, ಅಜಂತೆಗೆ ಸೋಮವಾರ ರಜೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ ಕೈಲಾಸ ದೇವಾಲಯ ಅಲ್ಲಿದೆ. ಅದೇ ವಂಶದ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡ ನಾಡಿನ ಬಡಗಣ ಎಲ್ಲೆ ಗೋದಾವರಿ ಎಂದು ಹೇಳುತ್ತದೆ. ಆ ಗೋದಾವರಿ ನಾಸಿಕದ ನಡುವೆಯೇ ಹರಿಯುತ್ತಿದೆ. ಇದನ್ನು ಯಾರ ಮೇಲೂ ಹಕ್ಕು ಸಾಧಿಸಲು ಹೇಳುತ್ತಿಲ್ಲ. ಈ ದಾರಿಯಲ್ಲಿ ನಮಗಿಂತ ಮೊದಲೂ ನಮ್ಮವರು ಕಾಲು ಸವೆಸಿದ್ದಾರೆಂದು ತಿಳಿದರೆ ಒಂಟಿ ಕೋಣೆ ಅಷ್ಟು ಒಂಟಿಯೆನಿಸುವುದಿಲ್ಲ.

ಕೊನೆಯದಾಗಿ ಒಂದು ಅರಿಕೆ. ಗೋಡೆಯ ಚೀಟಿ ಮನೆಯಿರುವವರಿಗೆ ಆಯಿತು. ಆದರೆ ನಮ್ಮ ಸಂಘದಲ್ಲಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರು, ಮದುವೆಯಾಗದೆ ಬಾಡಿಗೆಯ ಕೋಣೆಯಲ್ಲಿರುವ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅವರ ಚೀಟಿಯನ್ನು ನೋಡುವವರು ಯಾರು? ಅದಕ್ಕಾಗಿ ನಾವು ಒಂದು ನೋಟುಪುಸ್ತಕವನ್ನು ತಂದಿದ್ದೇವೆ. ಪತ್ರಿಕೆಗಳ ಮೇಜಿನ ಮೂಲೆಯಲ್ಲಿ ದಾರದಿಂದ ಕಟ್ಟಿ ಇಡುತ್ತೇವೆ. ಹೊರಡುವವರು ಆ ಐದು ಸಾಲುಗಳನ್ನು ಅದರಲ್ಲಿ ಬರೆದು ಹೋಗಬೇಕು, ಬಂದ ಮೇಲೆ ಒಂದು ಗೆರೆ ಎಳೆಯಬೇಕು. ರಾತ್ರಿ ವಾಚನಾಲಯದ ಬಾಗಿಲು ಹಾಕುವವರು ಅದನ್ನೊಮ್ಮೆ ತೆರೆದು, ಬರಬೇಕಾದ ದಿನ ಬಾರದವರಿಗೆ ಫೋನು ಮಾಡಬೇಕು. ಈ ಕೆಲಸವನ್ನು ಸರದಿಯಂತೆ ನಾವು ಏಳು ಮಂದಿ ಒಪ್ಪಿಕೊಂಡಿದ್ದೇವೆ, ವಾರಕ್ಕೆ ಒಬ್ಬೊಬ್ಬರಿಗೆ ಒಂದು ದಿನ. ನಾವೇ ಪ್ರಯಾಣದಲ್ಲಿರುವ ದಿನಕ್ಕೆ ಇನ್ನೂ ಮೂರು ನಾಲ್ಕು ಮಂದಿ ಬೇಕು. ಊರಲ್ಲಿಯೇ ಇರುವ ಗುಮಾಸ್ತ ಬಂಧುಗಳು ಮುಂದೆ ಬರಬೇಕೆಂದು ಪ್ರಾರ್ಥನೆ. ಹಣದ ಖರ್ಚಿಲ್ಲ, ದಿನಕ್ಕೆ ಐದು ನಿಮಿಷದ ಕೆಲಸ.

ಆ ಪುಸ್ತಕದ ಮೊದಲ ಪುಟದಲ್ಲಿ, ಎರಡು ವರ್ಷದ ಹಿಂದೆ ನಾವು ರಾತ್ರಿಯೆಲ್ಲ ಹುಡುಕಿದ ಗೆಳೆಯರು ಈ ದಿನ ತಮ್ಮ ಹೆಸರು ಬರೆದಿದ್ದಾರೆ. ನಾಳೆ ಬೆಳಿಗ್ಗೆ ಅವರು ಮತ್ತೆ ವಾಳೂಜಿ‍ಗೆ ಹೊರಡುತ್ತಾರೆ. ಗುರುವಾರ ಸಂಜೆ ಬಂದು ಗೆರೆ ಎಳೆಯುತ್ತಾರೆ. ಆ ಹೊತ್ತಿಗೆ ನೀವೂ ಬನ್ನಿ, ಕೂಡಿ ಚಹಾ ಕುಡಿಯೋಣ.

 ಹೋಗಿ ಬರುತ್ತೇವೆ.